‘ಗಂಡು/ಹೆಣ್ಣು’ ಕಾಲಂ ಸೇರಿಸಿದ ಮಾತ್ರಕ್ಕೆ

ಸ್ನಾತಕೋತ್ತರ ಪ್ರಬಂಧವಿರಲಿ, ಪಿಎಚ್.ಡಿ. ಇರಲಿ, ಪ್ರಸ್ತಾವಗಳಲ್ಲಿ ಒಂದು ತಪ್ಪು ಮಾತ್ರ ವರ್ಷದಿಂದ ವರ್ಷಕ್ಕೆ ಹಾಗೇ ಉಳಿದುಬಂದಿದೆ. ಶೀರ್ಷಿಕೆಯ ಕೊನೆಗೆ ‘ಒಂದು ಸ್ತ್ರೀವಾದಿ ಅಧ್ಯಯನ’ ಎಂದಿರುತ್ತದೆ. ಎರಡನೇ ಅಧ್ಯಾಯದಲ್ಲಿ ಸ್ತ್ರೀವಾದಿ ಸಿದ್ಧಾಂತಿಗಳಾದ ಜುಡಿತ್ ಬಟ್ಲರ್, ಡೊನಾ ಹ್ಯಾರವೇ, ಚಂದ್ರಾ ತಲಪಾಡೆ ಮೊಹಾಂತಿ ಎಲ್ಲರೂ ಬಂದು ಹೋಗುತ್ತಾರೆ. ಮೂರನೇ ಅಧ್ಯಾಯಕ್ಕೆ ಬಂದರೆ ಅದೇ ಹಳೆಯ ಪ್ರಶ್ನಾವಳಿ. ‘ಗಂಡು/ಹೆಣ್ಣು’ ಎಂಬ ಕಾಲಂ ಒಂದು ಸೇರಿಕೊಂಡಿದೆ, ಅಷ್ಟೆ. ‘ಇತರೆ’ ಎಂದು ಇನ್ನೊಂದು ಆಯ್ಕೆ ಕೊಟ್ಟರೂ ಕಥೆ ಬದಲಾಗುವುದಿಲ್ಲ. ಇಷ್ಟೆಲ್ಲ ಓದಿಕೊಂಡ ಮಕ್ಕಳು ಇಲ್ಲೇ ಎಡವುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹೀಗೆ ಮಾಡಿ ನೋಡಿ. ಸಿದ್ಧಾಂತದ ಅಧ್ಯಾಯವನ್ನು ಪೂರ್ತಿ ಪಕ್ಕಕ್ಕಿಡಿ. ಆಗ ನಿಮ್ಮ ಪ್ರಶ್ನೆ, ಆಕರ, ಮಾಹಿತಿ ಸಂಗ್ರಹದ ಕ್ರಮ, ವಿಶ್ಲೇಷಣೆ ಈ ನಾಲ್ಕರಲ್ಲಿ ಯಾವುದೂ ಅಲುಗಾಡದಿದ್ದರೆ ಆ ಅಧ್ಯಾಯ ಬರೀ ಅಲಂಕಾರಕ್ಕಿದೆ. ಲಿಂಗತ್ವ ಎಂದರೆ ಹೆಂಗಸರ ಕುರಿತ ವಿಷಯವಷ್ಟೇ ಅಲ್ಲ, ವಿಶ್ಲೇಷಣೆಯ ಸಾಧನ ಎಂದು ಇತಿಹಾಸಕಾರ್ತಿ ಜೋನ್ ಸ್ಕಾಟ್ ವಾದಿಸಿದ್ದು 1986ರಲ್ಲಿ. ಈ ಮಾತನ್ನು ಪ್ರಸ್ತಾವದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಅದರಂತೆ ಕೆಲಸ ಮಾಡುವವರು ಕಡಿಮೆ.

ಅರ್ಥಶಾಸ್ತ್ರದ ಉದಾಹರಣೆ ತೆಗೆದುಕೊಳ್ಳಿ. ವಿಷಯ, ಮನೆಗೆಲಸದ ಹೊರೆ. ‘ಕಳೆದ ವಾರ ಕೆಲಸ ಮಾಡಿದ್ದೀರಾ?’ ಎಂದು ಗೃಹಿಣಿಯನ್ನು ಕೇಳಿದರೆ ಆಕೆ ‘ಇಲ್ಲ, ಮನೆಯಲ್ಲೇ ಇದ್ದೆ’ ಎನ್ನುತ್ತಾಳೆ. ಹಾಳೆಯಲ್ಲಿ ಸೊನ್ನೆ ಬೀಳುತ್ತದೆ. ಆಮೇಲೆ ಎಂಥ ಸಂಖ್ಯಾಶಾಸ್ತ್ರ ಬಳಸಿದರೂ ಆ ಗಂಟೆಗಳು ಮರಳಿ ಸಿಗುವುದಿಲ್ಲ. ಸ್ವಂತ ಬಳಕೆಗೆ ಮಾಡುವ ಸಂಬಳವಿಲ್ಲದ ಸೇವೆಯೂ ‘ಕೆಲಸ’ವೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ 2013ರಲ್ಲೇ ನಿರ್ಣಯಿಸಿದೆ. ಆದರೂ ವಿದ್ಯಾರ್ಥಿಗಳ ಪ್ರಶ್ನಾವಳಿ ಅಲ್ಲಿಗೆ ತಲುಪಿಲ್ಲ.

ಇದಕ್ಕೆ ದಿನಚರಿ ಹಾಳೆ ಬೇಕು. ಇಪ್ಪತ್ನಾಲ್ಕು ಗಂಟೆಯನ್ನು ಅರ್ಧರ್ಧ ಗಂಟೆಗೆ ಒಡೆದರೆ 48 ಸಾಲು. ಪ್ರತಿ ಸಾಲಿನಲ್ಲೂ ಮುಖ್ಯ ಕೆಲಸ, ಅದೇ ಹೊತ್ತಿಗೆ ಮಾಡುತ್ತಿದ್ದ ಇನ್ನೊಂದು ಕೆಲಸ, ಎಲ್ಲಿ, ಜೊತೆಗೆ ಯಾರು ಎಂಬುದು ಇರಬೇಕು. ಎರಡನೆಯದನ್ನು ಸಾಲುಸಾಲಿಗೂ ಕೇಳಲೇಬೇಕು. ಅಡುಗೆ ಮಾಡುತ್ತಲೇ ಮಗುವಿನ ಮೇಲೆ ಕಣ್ಣಿಟ್ಟಿರುವುದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹಾಳೆಯ ಕೊನೆಗೆ ‘ಬೇರೇನಾದರೂ?’ ಎಂದು ಒಮ್ಮೆ ಕೇಳಿ ಮುಗಿಸಿದರೆ ಮಕ್ಕಳ, ಕಾಯಿಲೆಯವರ ಆರೈಕೆಯ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಕೆಲಸದ ದಿನ ಒಂದು, ರಜೆಯ ದಿನ ಒಂದು, ಎರಡನ್ನೂ ದಾಖಲಿಸಿ. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತಾಡಿಸಿ. ‘ಮನೆಯ ಯಜಮಾನ’ನೇ ಎಲ್ಲರ ಪರವಾಗಿ ಉತ್ತರ ಬರೆಸಿದ ಹಾಳೆಯಿಂದ ತಿಳಿಯುವುದು ಆತನ ಅಂದಾಜು. ಅರಿವು ಯಾವಾಗಲೂ ಒಂದು ನೆಲೆಯಿಂದ ಹುಟ್ಟುತ್ತದೆ ಎಂದು ಹ್ಯಾರವೇ 1988ರಲ್ಲಿ ಬರೆದದ್ದು ಇಂಥ ಕಡೆ, ಯಾರನ್ನು ಯಾರೆದುರು ಕೇಳಬೇಕು ಎಂಬಲ್ಲಿ, ಉಪಯೋಗಕ್ಕೆ ಬರಬೇಕು.

ಇದಕ್ಕಿಂತ ಜಾರುವ ಜಾಗ ಇನ್ನೊಂದಿದೆ. ‘ಜಾತಿ, ವರ್ಗ, ಲಿಂಗ ಮೂರನ್ನೂ ಒಟ್ಟಿಗೆ ನೋಡುತ್ತೇನೆ’ ಎಂದು ಬರೆದು, ಮೂರು ಕೋಷ್ಟಕಗಳನ್ನು ಪ್ರತ್ಯೇಕವಾಗಿ ಹಾಕುವುದು. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಷಾ 1989ರಲ್ಲಿ, ಬಣ್ಣ ಮತ್ತು ಲಿಂಗದ ತಾರತಮ್ಯಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂಬ ಅಂತರ್‌ಛೇದೀಯತೆಯ ವಾದ ಮುಂದಿಟ್ಟಾಗ ಎತ್ತಿಕೊಂಡ ಮೊಕದ್ದಮೆಗಳಲ್ಲಿ ಒಂದು ಜನರಲ್ ಮೋಟರ್ಸ್ ಕಂಪನಿಯ ಮೇಲೆ ಐವರು ಕಪ್ಪು ಮಹಿಳೆಯರು ಹೂಡಿದ್ದು. 1964ಕ್ಕೆ ಮುಂಚೆ ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ ಸೇವಾ ಹಿರಿತನದ ಲೆಕ್ಕದಲ್ಲಿ ಜನರನ್ನು ಕೈಬಿಟ್ಟಾಗ ಪೆಟ್ಟು ಬಿದ್ದದ್ದು ಅವರಿಗೇ. ನ್ಯಾಯಾಲಯ ಮಾತ್ರ, 1964ಕ್ಕೂ ಮುಂಚಿನಿಂದ ಹೆಂಗಸರು ಕೆಲಸದಲ್ಲಿದ್ದರಲ್ಲ ಎಂದು ಲಿಂಗ ತಾರತಮ್ಯವನ್ನು ಒಪ್ಪಲಿಲ್ಲ. ಆ ಹೆಂಗಸರು ಬಿಳಿಯರು. ಬಣ್ಣ ಮತ್ತು ಲಿಂಗ ಎರಡನ್ನೂ ಕೂಡಿಸಿ ದೂರು ಕೊಡಲೂ ಅವಕಾಶ ಸಿಗಲಿಲ್ಲ. ಹೆಂಗಸರ ಕಾಲಂ ಬೇರೆ, ಕಪ್ಪು ಜನರ ಕಾಲಂ ಬೇರೆ ಎಂದು ನೋಡಿದರೆ ಅನ್ಯಾಯ ಕಾಣುವುದಿಲ್ಲ. ಕೋಷ್ಟಕದಲ್ಲಿ ಎರಡೂ ಕೂಡುವ ಮನೆಯಲ್ಲಿ, ಅಂದರೆ ಚೌಕದಲ್ಲಿ, ಅದು ಇದೆ.

ಹಾಗಾದರೆ ಎಲ್ಲವನ್ನೂ ಅಡ್ಡಡ್ಡ ಕತ್ತರಿಸಿ ನೋಡೋಣ ಎನ್ನುವವರು ಲೆಕ್ಕವನ್ನೂ ಹಾಕಲಿ. ಎರಡು ಲಿಂಗ, ನಾಲ್ಕು ಜಾತಿ ಗುಂಪು, ಮೂರು ಆದಾಯ ಮಟ್ಟ ಎಂದರೆ 24 ಮನೆ. 200 ಜನರನ್ನು ಹಂಚಿದರೆ ಮನೆಗೆ ಸರಾಸರಿ ಎಂಟೇ ಜನ, ಕೆಲವಲ್ಲಿ ಒಬ್ಬರೂ ಇಲ್ಲ. ಅದರ ಮೇಲೆ ಶೇಕಡಾವಾರು ಲೆಕ್ಕ ನಿಲ್ಲುವುದಿಲ್ಲ. ಕೋಷ್ಟಕದ ಒಂದೇ ಮನೆಯನ್ನು ಆರಿಸಿಕೊಂಡು ಅದಕ್ಕೆ ಸೇರಿದವರ ಜೊತೆ ಆಳವಾದ ಸಂದರ್ಶನ ನಡೆಸುವುದು ಸಾಮಾನ್ಯವಾಗಿ ಒಳ್ಳೆಯದು. ನಿಮ್ಮ ಪ್ರಶ್ನೆಗೆ ಅದು ಹೊಂದುತ್ತದೋ ಎಂಬುದನ್ನು ಮಾರ್ಗದರ್ಶಕರ ಜೊತೆ ಕೂತು ತೀರ್ಮಾನಿಸಿ.

ಉಳಿದ ಜ್ಞಾನಶಿಸ್ತುಗಳಲ್ಲೂ ಇದೇ ಮಾತು. ‘ಹೆಂಗಸರಿಗೆ ಪುನರುಜ್ಜೀವನ (ರಿನೈಸಾನ್ಸ್) ಕಾಲವೆಂಬುದು ಇತ್ತೇ?’ ಎಂದು ಇತಿಹಾಸಕಾರ್ತಿ ಜೋನ್ ಕೆಲ್ಲಿ 1977ರಲ್ಲಿ ಕೇಳಿದಾಗ ಇತಿಹಾಸದ ಕಾಲವಿಭಜನೆಯೇ ಪ್ರಶ್ನೆಗೊಳಗಾಯಿತು. ವೀರ್ಯಾಣು ಪರಾಕ್ರಮಿ, ಅಂಡಾಣು ಕಾದು ಕೂತದ್ದು ಎಂಬ ಜೀವಶಾಸ್ತ್ರ ಪಠ್ಯಗಳ ಭಾಷೆಯನ್ನು ಮಾನವಶಾಸ್ತ್ರಜ್ಞೆ ಎಮಿಲಿ ಮಾರ್ಟಿನ್ 1991ರಲ್ಲಿ ಬಿಡಿಸಿಟ್ಟರು. ಇಬ್ಬರೂ ತಾವು ಪ್ರಶ್ನಿಸಿದ ಕ್ಷೇತ್ರದ ಆಕರಗಳನ್ನು ಇಟ್ಟುಕೊಂಡೇ ವಾದಿಸಿದವರು. ‘ನನ್ನದು ಅಂತರ್‌ಶಿಸ್ತೀಯ’ ಎಂದು ಹೇಳಿ ಯಾವ ಶಿಸ್ತಿನ ಪುರಾವೆಗೂ ಹೊಣೆಯಾಗದ ಪ್ರಬಂಧವನ್ನು ಪರೀಕ್ಷಕರು ಮೊದಲ ಸುತ್ತಿನಲ್ಲೇ ಹಿಡಿಯುತ್ತಾರೆ.

ಆದ್ದರಿಂದ ಒಂದು ಶಿಸ್ತಿನಲ್ಲಿ ಕಾಲೂರಿ, ಅದರ ವಿಧಾನವನ್ನು ಪೂರ್ತಿ ಕಲಿಯಿರಿ. ಮುಖ್ಯ ಮಾರ್ಗದರ್ಶಕರು ಆ ಶಿಸ್ತಿನವರಾಗಿದ್ದು ಸಹ ಮಾರ್ಗದರ್ಶಕರು ಮಹಿಳಾ ಅಧ್ಯಯನದವರಾದರೆ ಅನುಕೂಲ. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ವಿಚಾರಿಸಿಕೊಳ್ಳಿ. ಪ್ರಶ್ನಾವಳಿಯನ್ನೋ ಆಕರಗಳ ಪಟ್ಟಿಯನ್ನೋ ಇಬ್ಬರಿಗೂ ತೋರಿಸುವುದು ಮಾಹಿತಿ ಸಂಗ್ರಹಕ್ಕೆ ಹೊರಡುವ ಮುನ್ನ ಆಗಬೇಕು. ತುಂಬಿದ ಹಾಳೆಗಳನ್ನು ಹೊತ್ತು ತಂದ ಮೇಲೆ, ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಹುಡುಕಿಕೊಡಲು ಯಾವ ಮಾರ್ಗದರ್ಶಕರಿಗೂ ಸಾಧ್ಯವಿಲ್ಲ.