ಆ್ಯಪ್ 40 ಸೆಂ.ಮೀ. ಎನ್ನುತ್ತದೆ, ರೆಸಾರ್ಟ್ 15 ಎನ್ನುತ್ತದೆ: ಯಾವುದನ್ನು ನಂಬಬೇಕು?

ಪ್ರಶ್ನೆ: ಮುಂದಿನ ವಾರ ಸ್ಕೀಯಿಂಗ್‌ಗೆ ಹೊರಟಿದ್ದೇವೆ. ಒಂದು ಆ್ಯಪ್ 40 ಸೆಂ.ಮೀ. ಹಿಮ ಬೀಳುತ್ತದೆ ಎನ್ನುತ್ತಿದೆ. ರೆಸಾರ್ಟ್‌ನ ಪುಟದಲ್ಲಿ 15 ಸೆಂ.ಮೀ. ಎಂದಿದೆ. ಫೋನಿನಲ್ಲೇ ಬರುವ ಹವಾಮಾನ ಆ್ಯಪ್ ಅದೇ ದಿನಕ್ಕೆ ಮಳೆಯ ಚಿತ್ರ ತೋರಿಸುತ್ತಿದೆ. ಯಾವುದು ಸರಿ?

ಉತ್ತರ: ಮೂರೂ ಸರಿ ಇರಬಹುದು. ಒಂದೇ ಬೆಟ್ಟದ ಮೂರು ಬೇರೆ ಎತ್ತರಗಳ ಬಗ್ಗೆ ಅವು ಮಾತಾಡುತ್ತಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಸೆಂಟಿಮೀಟರ್ ಲೆಕ್ಕವನ್ನು ಸದ್ಯಕ್ಕೆ ಬದಿಗಿಟ್ಟು, ಆ ಮುನ್ಸೂಚನೆ ಎಷ್ಟು ಮೀಟರ್ ಎತ್ತರಕ್ಕೆ ಕೊಟ್ಟದ್ದು ಎಂದು ಮೊದಲು ನೋಡಿ. ಎತ್ತರ ಹೇಳದ ಮುನ್ಸೂಚನೆಯಿಂದ ಬೆಟ್ಟದಲ್ಲಿ ಹೆಚ್ಚಿನ ಪ್ರಯೋಜನವಿಲ್ಲ.

ಹವಾಮಾನದ ಕಂಪ್ಯೂಟರ್ ಮಾಡೆಲ್‌ಗಳು ಭೂಮಿಯನ್ನು ಚೌಕಗಳಾಗಿ ಹೆಚ್ಚಿ ಲೆಕ್ಕ ಹಾಕುತ್ತವೆ. ಯುರೋಪಿನ ಜಾಗತಿಕ ಮಾಡೆಲ್‌ನ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಾಗತಿಕ ಮಾಡೆಲ್ ಜಿಎಫ್‌ಎಸ್‌ನದು ಸುಮಾರು 13 ಕಿ.ಮೀ. ಇಡೀ ಸ್ಕೀ ಬೆಟ್ಟ, ಅದರ ಕಣಿವೆ, ಆಚೆಯ ಇಳಿಜಾರು ಎಲ್ಲವೂ ಅಂಥ ಒಂದೇ ಚೌಕದೊಳಗೆ ಅಡಗಿಬಿಡಬಹುದು. ಆ ಚೌಕಕ್ಕೆ ಮಾಡೆಲ್ ಇಟ್ಟುಕೊಳ್ಳುವುದು ಒಂದೇ ಸರಾಸರಿ ಎತ್ತರ. ಅದು ನಿಜವಾದ ಶಿಖರಕ್ಕಿಂತ ಕೆಳಗೂ ಕಣಿವೆಗಿಂತ ಮೇಲೂ ಇರುತ್ತದೆ. ಒಂದರಿಂದ ಮೂರು ಕಿ.ಮೀ. ಚೌಕದ ಪ್ರಾದೇಶಿಕ ಮಾಡೆಲ್‌ಗಳು ಬೆಟ್ಟದ ಆಕಾರವನ್ನು ಇದಕ್ಕಿಂತ ಚೆನ್ನಾಗಿ ಹಿಡಿಯುತ್ತವೆ, ಆದರೆ ಅವುಗಳ ಓಟ ಸಾಮಾನ್ಯವಾಗಿ ಎರಡು ದಿನಗಳ ಆಚೆಗೆ ಹೆಚ್ಚು ಹೋಗುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ರೆಸಾರ್ಟ್‌ನ ಹೆಸರು ಹೊಡೆದರೆ ಬಹುಪಾಲು ಸಿಗುವುದು ಕೆಳಗಿನ ಊರಿನ ಹವೆ. ಮಳೆಯ ಚಿತ್ರ ಬಂದದ್ದು ಅಲ್ಲಿಂದಲೇ.

ಎತ್ತರದ ಲೆಕ್ಕವನ್ನು ನೀವೇ ಹಾಕಬಹುದು. ಮೇಲೇರಿದಂತೆ ಉಷ್ಣಾಂಶ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೆಳಗಿನ ಲಿಫ್ಟ್ ನಿಲ್ದಾಣ 1,500 ಮೀಟರ್, ತುದಿ 2,700 ಮೀಟರ್, ಕೆಳಗೆ 3 ಡಿಗ್ರಿ ಇದೆ ಎಂದುಕೊಳ್ಳಿ. ಸೊನ್ನೆ ಡಿಗ್ರಿ ಮಟ್ಟ ಸುಮಾರು 1,960 ಮೀಟರಿಗೆ ಬರುತ್ತದೆ, ತುದಿಯಲ್ಲಿ ಮೈನಸ್ 5ರ ಆಸುಪಾಸು. ಹಿಮದ ಹಳಕುಗಳು ಸೊನ್ನೆ ದಾಟಿದ ಕೂಡಲೇ ಕರಗಿ ಮಾಯವಾಗುವುದಿಲ್ಲ, ಇನ್ನೂ 200ರಿಂದ 300 ಮೀಟರ್ ಕೆಳಗಿನವರೆಗೆ ಹಿಮವಾಗಿಯೇ ಬರುತ್ತವೆ. ಅಂದರೆ ಇಲ್ಲಿ ಮಳೆ ಮತ್ತು ಹಿಮದ ಗಡಿ 1,700 ಮೀಟರ್ ಹತ್ತಿರ. ಕೆಳಗಿನ ನಿಲ್ದಾಣದಲ್ಲಿ ಮಳೆ, ನಡುವೆ ಒದ್ದೆ ಹಿಮ, ತುದಿಯಲ್ಲಿ ಪುಡಿ ಹಿಮ.

ಈ ಲೆಕ್ಕ ಕೈಕೊಡುವ ಸಂದರ್ಭಗಳೂ ಇವೆ. ಗಾಳಿಯಿಲ್ಲದ ಶುಭ್ರ ರಾತ್ರಿಯಲ್ಲಿ ತಂಪು ಗಾಳಿ ಜಾರಿ ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಆಗ ಬೆಳಿಗ್ಗೆ ಕೆಳಗೆ ಮೈನಸ್ 8, ಮೇಲೆ ಮೈನಸ್ 1 ಇರಬಹುದು. ಕಿರಿದಾದ ಕಣಿವೆಯಲ್ಲಿ ಗಂಟೆಗಟ್ಟಲೆ ಜೋರಾಗಿ ಸುರಿದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಕರಗುವ ಹಿಮ ಸುತ್ತಲಿನ ಗಾಳಿಯ ಶಾಖವನ್ನು ಹೀರುತ್ತದೆ, ಗಾಳಿ ತಣ್ಣಗಾಗುತ್ತದೆ, ಹಿಮದ ಗಡಿ ಮುನ್ಸೂಚನೆಗಿಂತ ನೂರಾರು ಮೀಟರ್ ಕೆಳಗಿಳಿದು ಊರಿನೊಳಗೇ ಬರುತ್ತದೆ. ಗಾಳಿ ಬೀಸಿ ಕಣಿವೆಯನ್ನು ಗುಡಿಸಿದರೆ ಈ ಆಟ ನಿಲ್ಲುತ್ತದೆ.

ಇನ್ನು 40 ಮತ್ತು 15ರ ಜಗಳ. ಮಾಡೆಲ್ ನಿಜಕ್ಕೂ ಲೆಕ್ಕ ಹಾಕುವುದು ನೀರನ್ನು, ಮಿಲಿಮೀಟರ್‌ಗಳಲ್ಲಿ. ಅದನ್ನು ಹಿಮದ ಆಳವಾಗಿ ತಿರುಗಿಸಲು ಒಂದು ಗುಣಕ ಬೇಕು. 10 ಮಿ.ಮೀ. ನೀರಿಗೆ 10 ಸೆಂ.ಮೀ. ಹಿಮ ಎಂಬುದು ಹಳೆಯ ರೂಢಿ. ಸೊನ್ನೆಯ ಆಸುಪಾಸಿನ ಒದ್ದೆ ಹಿಮದಲ್ಲಿ 10 ಮಿ.ಮೀ. ನೀರು ಐದಾರು ಸೆಂ.ಮೀ. ಆಗುತ್ತದೆ. ಮೋಡದೊಳಗೆ ಮೈನಸ್ 12ರಿಂದ ಮೈನಸ್ 18 ಡಿಗ್ರಿ ಇದ್ದರೆ ಕವಲೊಡೆದ ದೊಡ್ಡ ಹರಳುಗಳು ಬೆಳೆಯುತ್ತವೆ. ಅವು ಒಂದರ ಮೇಲೊಂದು ಬಿದ್ದಾಗ ನಡುವೆ ಗಾಳಿ ಉಳಿದು ಅದೇ ನೀರು 15, ಕೆಲವೊಮ್ಮೆ 20 ಸೆಂ.ಮೀ.ಗೂ ಏರುತ್ತದೆ. ಈಗ 25 ಮಿ.ಮೀ. ನೀರನ್ನು ತೆಗೆದುಕೊಳ್ಳಿ. 6ರ ಗುಣಕದಲ್ಲಿ 15 ಸೆಂ.ಮೀ., 16ರ ಗುಣಕದಲ್ಲಿ 40 ಸೆಂ.ಮೀ. ಮಾಡೆಲ್ ಹೇಳಿದ ನೀರು ಒಂದೇ, ಗುಣಕ ಮಾತ್ರ ಬೇರೆ. ಆದ್ದರಿಂದ ನೀರಿನ ಪ್ರಮಾಣವನ್ನೂ ತೋರಿಸುವ ತಾಣವನ್ನೇ ಆರಿಸಿಕೊಳ್ಳುವುದು ಮೇಲು. ಬರೀ ಸೆಂಟಿಮೀಟರ್ ಹೇಳಿ ಸುಮ್ಮನಾಗುವ ಆ್ಯಪ್ ಅರ್ಧ ಉತ್ತರವನ್ನು ಬಚ್ಚಿಟ್ಟಂತೆ.

ಎಷ್ಟು ದಿನ ಮುಂಚೆ ನಂಬಬಹುದು? ಒಂದೆರಡು ದಿನ ಮುಂಚಿನ ಪ್ರಮಾಣಕ್ಕೆ ಬೆಲೆ ಇದೆ. ಮೂರರಿಂದ ಐದು ದಿನ ಮುಂಚೆ, ಹಿಮ ತರುವ ವ್ಯವಸ್ಥೆಯೊಂದು ಬರುತ್ತಿದೆ ಎಂಬಷ್ಟು ಮಾತ್ರ ನಂಬಿ. ಒಂದು ವಾರಕ್ಕೂ ಆಚೆ ತೋರಿಸುವ ಸೆಂಟಿಮೀಟರ್‌ಗಳನ್ನು ಓದದಿರುವುದೇ ವಾಸಿ. ಅಷ್ಟು ದೂರಕ್ಕೆ ಎನ್ಸೆಂಬಲ್ ನೋಡಿ: ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಅದೇ ಮಾಡೆಲ್ ಅನ್ನು ಹತ್ತಾರು ಸಲ ಓಡಿಸಿದ ಫಲಿತಾಂಶಗಳ ಗುಂಪು. ಅವೆಲ್ಲ ಒಟ್ಟೊಟ್ಟಿಗೆ ಸಾಗುತ್ತಿದ್ದರೆ ಭರವಸೆ ಇಡಬಹುದು. 5ರಿಂದ 60 ಸೆಂ.ಮೀ.ವರೆಗೆ ಚೆದುರಿದ್ದರೆ, ಅವುಗಳ ಸರಾಸರಿಗೆ ಅರ್ಥವಿಲ್ಲ.

ಮುನ್ಸೂಚನೆಯ ಜೊತೆಗೆ ರೆಸಾರ್ಟ್ ಪ್ರಕಟಿಸುವ ಹಿಮ ವರದಿಯೇ ಬೇರೆ: ಅದು ಮುನ್ಸೂಚನೆಯಲ್ಲ, ಆಗಿಹೋದದ್ದರ ಲೆಕ್ಕ. ಅದರಲ್ಲಿ ಹೊಸ ಹಿಮ, ನೆಲದ ಮೇಲಿನ ಒಟ್ಟು ಆಳ, ಋತುವಿನ ಮೊತ್ತ ಎಂದು ಮೂರು ಅಂಕಿ ಇರುತ್ತವೆ. ಋತುವಿನ ಮೊತ್ತ ಜಾಹೀರಾತಿಗೆ ಚೆಂದ, ನಿಮ್ಮ ಸ್ಕೀ ಅಡಿಗೆ ಅದು ಇರುವುದಿಲ್ಲ. ಹೊಸ ಹಿಮವನ್ನು ಒಂದು ಬಿಳಿ ಹಲಗೆಯ ಮೇಲೆ ಅಳೆದು, ಗುಡಿಸಿ, ಮತ್ತೆ ಇಡುತ್ತಾರೆ. ಬಿದ್ದ ಹಿಮ ತನ್ನ ತೂಕಕ್ಕೇ ಕುಗ್ಗುತ್ತದೆ. ಹಾಗಾಗಿ ಆರು ಗಂಟೆಗೊಮ್ಮೆ ಗುಡಿಸಿ ಅಳೆದು ಕೂಡಿಸಿದ ಮೊತ್ತ, ದಿನಕ್ಕೊಮ್ಮೆ ಅಳೆದದ್ದಕ್ಕಿಂತ ಹೆಚ್ಚೇ ಬರುತ್ತದೆ. 24 ಗಂಟೆಯ ಅಂಕಿಯೂ 48 ಗಂಟೆಯ ಅಂಕಿಯೂ ಇದ್ದರೆ ಕೂಡಿಸಬೇಡಿ, ಎರಡನೆಯದರೊಳಗೆ ಮೊದಲನೆಯದು ಸೇರಿದೆ. ಅಳತೆ ಮಾಡಿದ ಹೊತ್ತನ್ನೂ ಗಮನಿಸಿ. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಬಿದ್ದು, ಸಂಜೆಯೊಳಗೆ ಜನ ತುಳಿದು ಮುಗಿಸಿದ ಹಿಮವೂ ಇಂದು ಮುಂಜಾನೆಯ ವರದಿಯಲ್ಲಿ ‘ಹೊಸ ಹಿಮ’ವೇ.

ಇದರಲ್ಲಿ ವ್ಯಾಪಾರದ ಆಸೆಯೂ ಬೆರೆಯುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಅರ್ಥಶಾಸ್ತ್ರಜ್ಞರು ರೆಸಾರ್ಟ್‌ಗಳ ವರದಿಗಳನ್ನು ಸರ್ಕಾರಿ ಹವಾಮಾನ ದಾಖಲೆಗಳ ಜೊತೆ ಹೋಲಿಸಿ ನೋಡಿದಾಗ, ವಾರಾಂತ್ಯದಲ್ಲಿ ರೆಸಾರ್ಟ್‌ಗಳು ಹೆಚ್ಚು ಹಿಮ ವರದಿ ಮಾಡುತ್ತಿದ್ದುದು ಕಂಡುಬಂತು. ಮೋಡಗಳಿಗೆ ಶನಿವಾರ ಯಾವುದೆಂದು ಗೊತ್ತಿಲ್ಲವಷ್ಟೆ. ಸ್ಕೀ ಮಾಡುವವರೇ ಸ್ಥಳದಿಂದ ಫೋನಿನಲ್ಲಿ ವರದಿ ಹಾಕುವ ಸೌಲಭ್ಯ ಬಂದ ಮೇಲೆ ಈ ಉಬ್ಬರ ಇಳಿಯಿತು. ಈಗಲೂ ಅದೇ ದಾರಿ ಒಳ್ಳೆಯದು: ಅಳತೆಕೋಲು ಕಾಣುವ ಕ್ಯಾಮೆರಾ ಇದ್ದರೆ ವರದಿಗಿಂತ ಮೊದಲು ಅದನ್ನು ನೋಡಿ.

ಇಷ್ಟೆಲ್ಲ ಹೊಂದಿದರೂ ದಿನ ಹಾಳಾಗಬಹುದು, ಹಾಗೆ ಹಾಳುಮಾಡುವುದು ಹೆಚ್ಚಾಗಿ ಗಾಳಿ. ಗಂಟೆಗೆ 20ರಿಂದ 30 ಕಿ.ಮೀ. ಗಾಳಿ ಸಾಕು, ಸಡಿಲವಾದ ಒಣ ಹಿಮ ಎದ್ದು ಹೊರಡುತ್ತದೆ. ಗಾಳಿಗೆ ಎದುರಾದ ಮೈ ಬೋಳಾಗಿ ಗಟ್ಟಿ ಪದರ ಉಳಿಯುತ್ತದೆ, ಗಾಳಿಮರೆಯ ಇಳಿಜಾರಿನಲ್ಲಿ ಬಿದ್ದದ್ದರ ಎರಡು ಮೂರು ಪಟ್ಟು ತುಂಬುತ್ತದೆ. ಕಣಿವೆಯ ಗಾಳಿಯ ಅಂಕಿ ಇದಕ್ಕೆ ಉಪಯೋಗವಿಲ್ಲ, ತುದಿಯದೇ ಬೇಕು. ತುದಿ 3,000 ಮೀಟರ್ ಹತ್ತಿರವಿದ್ದರೆ ಹವಾಮಾನ ನಕ್ಷೆಗಳಲ್ಲಿ 700 ಹೆಕ್ಟೋಪಾಸ್ಕಲ್ (ವಾಯುಒತ್ತಡದ ಅಳತೆ) ಮಟ್ಟದ ಗಾಳಿ ನೋಡಿದರೆ ಆಯಿತು. ಲಿಫ್ಟ್ ನಿಲ್ಲಿಸುವುದು ಸರಾಸರಿ ವೇಗಕ್ಕಿಂತ ಹೆಚ್ಚಾಗಿ ರಭಸದ ಹೊಡೆತಗಳನ್ನು ಮತ್ತು ದಿಕ್ಕನ್ನು ನೋಡಿ. ಕೇಬಲ್‌ಗೆ ಅಡ್ಡಲಾಗಿ ಬೀಸುವ ಗಾಳಿಯಲ್ಲಿ ಕುರ್ಚಿಗಳು ತೂಗಾಡುತ್ತವೆ, ಉದ್ದಕ್ಕೆ ಬೀಸಿದರೆ ಅಷ್ಟಿಲ್ಲ. ಬಟ್ಟೆಯ ವಿಷಯಕ್ಕೂ ಇದೇ ಅಂಕಿ ಬೇಕು: ಮೈನಸ್ 10 ಡಿಗ್ರಿಯಲ್ಲಿ 30 ಕಿ.ಮೀ. ಗಾಳಿ ಇದ್ದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ.

ಹೊಸ ಹಿಮ ಇಲ್ಲದ ವಾರದಲ್ಲಿ ಕಳೆದ ಮೂರು ದಿನಗಳ ಉಷ್ಣಾಂಶವೇ ಮುನ್ಸೂಚನೆಗಿಂತ ಮುಖ್ಯ. ಮಳೆ ಬಿದ್ದು ರಾತ್ರಿ ಹೆಪ್ಪುಗಟ್ಟಿದ್ದರೆ ಗಾಜಿನಂಥ ಗಟ್ಟಿ ಮೈ. ಗ್ರೂಮಿಂಗ್ ಯಂತ್ರ ಅದನ್ನು ಕೆರೆದು ಹಾಸಿದ ಹಾದಿ ಬಿಟ್ಟು ಬೇರೆ ಕಡೆ ಹೋಗಬೇಡಿ. ವಸಂತದಲ್ಲಿ ರಾತ್ರಿಯ ಆಕಾಶ ನೋಡಬೇಕು. ಆಕಾಶ ತೆರೆದಿದ್ದು ಗಾಳಿ ಒಣಗಿದ್ದರೆ, ಗಾಳಿಯ ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮದ ಮೈ ಶಾಖ ಬಿಟ್ಟುಕೊಟ್ಟು ಹೆಪ್ಪುಗಟ್ಟುತ್ತದೆ. ಮೋಡ ಮುಚ್ಚಿದ್ದರೆ ಇಲ್ಲ, ಬೆಳಗಿನಿಂದಲೇ ಕೆಸರಿನಂಥ ಹಿಮ. ಹೆಪ್ಪುಗಟ್ಟಿದ ದಿನ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆದುವಾಗುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನಕ್ಕೆ ಪಶ್ಚಿಮದ್ದು (ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣದ ಬದಲು ಉತ್ತರ). ಮೇಲಿನ ಒಂದೆರಡು ಸೆಂ.ಮೀ. ಮಾತ್ರ ಸಡಿಲವಾದ ಹೊತ್ತು ಅತಿ ಸೊಗಸು, ಅದು ಒಂದೆರಡು ಗಂಟೆ ಇದ್ದರೆ ಹೆಚ್ಚು.

ಕೃತಕ ಹಿಮಕ್ಕೆ ಬೇರೆ ಲೆಕ್ಕ. ಅದಕ್ಕೆ ಗಾಳಿಯ ತೇವವನ್ನೂ ಸೇರಿಸಿಕೊಂಡ ವೆಟ್ ಬಲ್ಬ್ ಉಷ್ಣಾಂಶ ಸುಮಾರು ಮೈನಸ್ 2ಕ್ಕೆ ಇಳಿಯಬೇಕು. 2 ಡಿಗ್ರಿ ಇದ್ದು ಆರ್ದ್ರತೆ ಶೇ 30 ಆದರೆ ಯಂತ್ರ ಓಡಿಸಬಹುದು, ಸೊನ್ನೆ ಡಿಗ್ರಿಯ ಮಂಜು ಕವಿದ ರಾತ್ರಿಯಲ್ಲಿ ಆಗುವುದಿಲ್ಲ.

ನಿಮ್ಮ ಪ್ರವಾಸದ ಮಟ್ಟಿಗೆ: ಹೊರಡುವ ಎರಡು ದಿನ ಮುಂಚೆ ತುದಿಯ ಎತ್ತರಕ್ಕೆ ಕೊಟ್ಟ ಮುನ್ಸೂಚನೆಯಲ್ಲಿ ನೀರಿನ ಪ್ರಮಾಣ, ಸೊನ್ನೆ ಡಿಗ್ರಿ ಮಟ್ಟ, ಗಾಳಿಯ ಹೊಡೆತ ನೋಡಿ. ಬೆಳಿಗ್ಗೆ ಕ್ಯಾಮೆರಾ ಮತ್ತು ಲಿಫ್ಟ್‌ಗಳ ಸ್ಥಿತಿ ನೋಡಿ. ಮೇಲೆ ಮೋಡ ಕವಿದು ನೆಲದ ಏರಿಳಿತ ಕಾಣದಂತಾದರೆ ಮರಗಳ ನಡುವಿನ ಕೆಳಗಿನ ಹಾದಿಗಳಿಗೆ ಇಳಿಯಿರಿ, ಮರದ ಕಪ್ಪು ಕಣ್ಣಿಗೆ ಆಧಾರವಾಗುತ್ತದೆ. ಗುರುತು ಮಾಡಿದ ಗಡಿ ದಾಟುವ ಯೋಚನೆ ಇದ್ದರೆ ಈ ಯಾವುದೂ ಸಾಲದು. ರೆಸಾರ್ಟ್‌ನ ಹಿಮ ವರದಿ ಹಿಮಕುಸಿತದ ಬಗ್ಗೆ ಏನೂ ಹೇಳುವುದಿಲ್ಲ, ಅದಕ್ಕೆ ಆ ಪ್ರದೇಶದ ಹಿಮಕುಸಿತ ಪ್ರಕಟಣೆಯನ್ನೇ ಓದಬೇಕು. ಅದರ ಐದು ಹಂತಗಳಲ್ಲಿ 3 ಎಂದರೆ ನಡುವಿನ ಅಂಕಿ, ಪರವಾಗಿಲ್ಲ ಎಂದುಕೊಳ್ಳಬೇಡಿ. ಒಬ್ಬನೇ ಒಬ್ಬ ಸ್ಕೀಯರ್‌ನ ಭಾರಕ್ಕೆ ಇಳಿಜಾರು ಕಳಚಿಕೊಳ್ಳಬಹುದಾದ ಸ್ಥಿತಿ ಅದು. ಹೊಸ ಹಿಮ ಬಿದ್ದು ಗಾಳಿ ಬೀಸಿದ ಮರುದಿನ, ಕಣ್ಣಿಗೆ ಅತಿ ಚೆಂದ ಕಾಣುವ ಗಾಳಿಮರೆಯ ಇಳಿಜಾರುಗಳಲ್ಲೇ ಆ ಅಪಾಯ ಹೆಚ್ಚು.