ಸಿಂಹ ಎಲ್ಲಿ ನಿಂತಿದೆ ಅಂತ ಮೊದಲು ನೋಡಿ: ಧರ್ಮಗಳಲ್ಲಿ, ರಾಜಲಾಂಛನಗಳಲ್ಲಿ ಸಿಂಹ

ಈ ವಿಷಯ ಓದಲು ಶುರು ಮಾಡಿದಾಗ ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಹೀಗಿತ್ತು: "ಸಿಂಹ ಅಂದರೆ ಬಲ. ಬಲ ಅಂದರೆ ರಾಜ. ಆದ್ದರಿಂದ ಸಿಂಹ ಅಂದರೆ ರಾಜ." ಎರಡು ದಿನ ಈ ಸೂತ್ರ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ನಿನೆವೆಯ ಶಿಲ್ಪಗಳ ಹತ್ತಿರ ಬಂದೆ. ಸೂತ್ರ ಅಲ್ಲೇ ಮುರಿದುಬಿತ್ತು.

ಕ್ರಿ.ಪೂ. 7ನೇ ಶತಮಾನದ ಅಸ್ಸೀರಿಯಾದ (ಈಗಿನ ಇರಾಕಿನ ಕಡೆ) ದೊರೆ ಅಶುರ್‌ಬನಿಪಾಲನ ಅರಮನೆಯ ಗೋಡೆಗಳವು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬೋನಿನ ಬಾಗಿಲೆತ್ತಿ ಸಿಂಹವನ್ನು ಹೊರಗೆ ಬಿಡುತ್ತಾರೆ, ದೊರೆ ರಥದ ಮೇಲಿಂದ ಬಾಣ ಬಿಡುತ್ತಾನೆ. ಅಲ್ಲಿ ಒಂದು ಹೆಣ್ಣು ಸಿಂಹ ಇದೆ. ಬೆನ್ನಿಗೆ ಬಾಣ ನಾಟಿದೆ, ಹಿಂಗಾಲುಗಳಲ್ಲಿ ಶಕ್ತಿಯಿಲ್ಲ, ನೆಲಕ್ಕೆ ಎಳೆದಾಡುತ್ತಿವೆ. ಆದರೂ ಮುಂಗಾಲು ಊರಿ ಮೈ ಎತ್ತಿ ಬಾಯಿ ತೆರೆದಿದೆ. ಆ ಚಿತ್ರವನ್ನು ನಾನು ತುಂಬಾ ಹೊತ್ತು ನೋಡಿದೆ. ಇಲ್ಲಿ ಸಿಂಹ ರಾಜ ಅಲ್ಲವೇ ಅಲ್ಲ. ರಾಜ ಕೊಲ್ಲುವ ಪ್ರಾಣಿ.

ಹಾಗಾದರೆ ಒಂದೇ ಪ್ರಾಣಿ ರಾಜನೂ ಹೌದು, ರಾಜನ ಶತ್ರುವೂ ಹೌದು ಅಂದರೆ ಹೇಗೆ?

ನನಗೆ ಕೆಲಸಕ್ಕೆ ಬಂದ ಉಪಾಯ

"ಸಿಂಹದ ಅರ್ಥ ಏನು?" ಅಂತ ಕೇಳುವುದನ್ನು ಬಿಟ್ಟೆ. ಅದರ ಬದಲು "ಸಿಂಹ ಎಲ್ಲಿದೆ? ಮನುಷ್ಯ ಅಥವಾ ದೇವರು ಎಲ್ಲಿದ್ದಾನೆ?" ಅಂತ ಕೇಳತೊಡಗಿದೆ. ಸಿಂಹ ಎದುರಿಗಿದೆಯೋ, ಕೆಳಗಿದೆಯೋ, ಅದೇ ಮೈಯೊಳಗಿದೆಯೋ, ಬರೀ ಹೆಸರಿನಲ್ಲಿದೆಯೋ? ಜಾಗ ಗೊತ್ತಾದರೆ ಅರ್ಥ ಮುಕ್ಕಾಲು ಪಾಲು ಸಿಕ್ಕಿದ ಹಾಗೆ.

ನಮಗೆ ಚೆನ್ನಾಗಿ ಗೊತ್ತಿರುವ ಎರಡು ಲಾಂಛನಗಳ ಮೇಲೆ ಇದನ್ನು ಪರೀಕ್ಷೆ ಮಾಡಬಹುದು. ಬನವಾಸಿಯ ಕದಂಬರದು ಸಿಂಹಲಾಂಛನ. ಸಿಂಹ ಅಲ್ಲಿ ರಾಜಮನೆತನದ ಗುರುತು. ಹೊಯ್ಸಳರ ಲಾಂಛನದಲ್ಲಿ ಸಳ ಮೃಗದ ಎದುರು ನಿಂತು ಅದನ್ನು ಇರಿಯುತ್ತಿದ್ದಾನೆ. "ಪೊಯ್ ಸಳ" ಅಂತ ಜೈನ ಮುನಿ ಕೂಗಿದ ಕಥೆ ಎಲ್ಲರಿಗೂ ಗೊತ್ತೇ ಇದೆ. ಕಥೆಯಲ್ಲಿ ಬರುವುದು ಹುಲಿ, ಶಿಲ್ಪದಲ್ಲಿ ಕಾಣುವುದು ಸಿಂಹದಂಥ ಮೃಗ. ಚೋಳರ ಲಾಂಛನ ಹುಲಿಯಾದ್ದರಿಂದ, ವಿಷ್ಣುವರ್ಧನ 1116ರಲ್ಲಿ ಅವರಿಂದ ತಲಕಾಡು ಗೆದ್ದದ್ದಕ್ಕೂ ಈ ಶಿಲ್ಪಕ್ಕೂ ಸಂಬಂಧ ಕಲ್ಪಿಸುವವರಿದ್ದಾರೆ. ಏನೇ ಇರಲಿ, ಹೊಯ್ಸಳ ಲಾಂಛನವನ್ನು ಕದಂಬರ ಸಿಂಹದ ಜೊತೆ ಇಡಬೇಡಿ, ಅಶುರ್‌ಬನಿಪಾಲನ ಜೊತೆ ಇಡಿ. ಇಲ್ಲಿ ಗೆಲ್ಲುವವನು ಮನುಷ್ಯ.

ಕೆಳಗಿರುವ ಸಿಂಹ

ಇದು ಸುಲಭ. ಸಿಂಹಾಸನ ಅನ್ನುವ ಪದದಲ್ಲೇ ಉತ್ತರ ಇದೆ. ಬೈಬಲ್ಲಿನಲ್ಲಿ ಸೊಲೊಮೋನನ ಸಿಂಹಾಸನಕ್ಕೆ ಆರು ಮೆಟ್ಟಿಲು, ಮೆಟ್ಟಿಲುಗಳ ಎರಡು ಬದಿಗೆ ಒಟ್ಟು 12 ಸಿಂಹಗಳು. ದೇವೀಮಹಾತ್ಮೆಯಲ್ಲಿ ದುರ್ಗೆಗೆ ಒಬ್ಬೊಬ್ಬ ದೇವರು ಒಂದೊಂದು ಆಯುಧ ಕೊಟ್ಟಾಗ ಹಿಮವಂತ ಕೊಟ್ಟದ್ದು ಸಿಂಹವನ್ನು. ಬಲವನ್ನು ಪಳಗಿಸಿ ಅದರ ಮೇಲೆ ಕೂತವರು ಇವರು. ಮಹಾವೀರನ ಪೀಠದಲ್ಲೂ ಸಿಂಹ ಇದೆ, ಆದರೆ ಅದು ವಾಹನ ಅಲ್ಲ, ಲಾಂಛನ. ತೀರ್ಥಂಕರರ ಮೂರ್ತಿಗಳು ನೋಡಲು ಒಂದೇ ಥರ ಇರುವುದರಿಂದ ಇವನು 24ನೆಯವನು ಅಂತ ಗುರುತಿಸುವುದಕ್ಕೆ ಆ ಸಿಂಹ ಬೇಕು. ಇವೆರಡನ್ನೂ ಕಲಸಬೇಡಿ.

ಒಂದೇ ಮೈಯಲ್ಲಿರುವ ಸಿಂಹ

ಗೀಜಾದ ಸ್ಫಿಂಕ್ಸ್‌ಗೆ ಮನುಷ್ಯನ ತಲೆ, ಸಿಂಹದ ಮೈ. ನರಸಿಂಹನಿಗೆ ಸಿಂಹದ ತಲೆ, ಮನುಷ್ಯನ ಮೈ. ಸರಿಯಾಗಿ ತಿರುಗುಮುರುಗು, ಅಲ್ವಾ? ಸ್ಫಿಂಕ್ಸ್ ಶಾಂತವಾಗಿ ಮಲಗಿದೆ. ತಲೆ ದೊರೆಯದು, ಮೈಯ ಬಲ ಅವನ ಹತೋಟಿಯಲ್ಲಿದೆ. ನರಸಿಂಹನಲ್ಲಿ ತಲೆಯೇ ಸಿಂಹದ್ದು, ಅಂದರೆ ಕೋಪವೇ ಮುಂದೆ ನಿಂತಿದೆ. ಈಜಿಪ್ಟಿನಲ್ಲೇ ಸೆಖ್ಮೆತ್ ಅನ್ನುವ ದೇವತೆ ಇದ್ದಾಳೆ, ಸಿಂಹದ ತಲೆ, ಹೆಣ್ಣಿನ ಮೈ. ಅವಳೂ ಉಗ್ರ ದೇವತೆಯೇ.

ಇನ್ನೂ ಒಂದು ಹೋಲಿಕೆ ನೋಡಿ ನನಗೆ ರೋಮಾಂಚನ ಆಯಿತು. ಸೆಖ್ಮೆತ್ ಮನುಷ್ಯರನ್ನು ಕೊಲ್ಲಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕೊನೆಗೆ ಕೆಂಪು ಬಣ್ಣ ಬೆರೆಸಿದ ಬಿಯರನ್ನು ನೆಲದ ಮೇಲೆ ಸುರಿದರು. ಅವಳು ಅದನ್ನು ರಕ್ತ ಅಂತ ಕುಡಿದು ಅಮಲೇರಿ ಶಾಂತಳಾದಳು. ಹಿರಣ್ಯಕಶಿಪುವನ್ನು ಸೀಳಿದ ಮೇಲೆ ನರಸಿಂಹನ ಕೋಪವೂ ಇಳಿಯಲಿಲ್ಲ. ಭಾಗವತದ ಪ್ರಕಾರ ಲಕ್ಷ್ಮಿಯೇ ಹತ್ತಿರ ಹೋಗಲು ಹೆದರಿದಳು. ಪುಟ್ಟ ಪ್ರಹ್ಲಾದ ಹೋಗಿ ನಿಂತ ಮೇಲೆ ಶಾಂತನಾದ. ಒಂದು ಕಥೆ ಇನ್ನೊಂದರಿಂದ ಬಂತು ಅಂತ ನಾನು ಹೇಳುತ್ತಿಲ್ಲ. ತಲೆ ಸಿಂಹದ್ದಾದರೆ ಅದನ್ನು ಸಮಾಧಾನ ಮಾಡುವ ದೃಶ್ಯವನ್ನೂ ಕಥೆಯಲ್ಲಿ ಹುಡುಕಿ, ಅಷ್ಟೇ.

ನಾನು ಸಿಕ್ಕಿಹಾಕಿಕೊಂಡ ಜಾಗ: ಬುದ್ಧ ಸಿಂಹ ಹೇಗಾದ?

ಬುದ್ಧನಿಗೆ ಶಾಕ್ಯಸಿಂಹ ಅಂತ ಹೆಸರಿದೆ. ಅಹಿಂಸೆ ಹೇಳಿದವನಿಗೆ ಬೇಟೆಯಾಡುವ ಪ್ರಾಣಿಯ ಹೆಸರು ಯಾಕೆ? ರಾಜವಂಶದವನು, ಅದಕ್ಕೇ ಇರಬೇಕು ಅಂತ ಸುಮ್ನೆ ಬರೆದುಕೊಂಡು ಮುಂದೆ ಹೋಗಿದ್ದೆ. ಆದರೆ ಸಾರನಾಥದ ಸ್ತಂಭಕ್ಕೆ ಬಂದಾಗ ಆ ಉತ್ತರ ಸಾಲಲಿಲ್ಲ. ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು ಕಲ್ಲನ್ನು ನೋಡಿ. ಅಶೋಕ ನಿಲ್ಲಿಸಿದ್ದು, ಕ್ರಿ.ಪೂ. 3ನೇ ಶತಮಾನ. 1905ರಲ್ಲಿ ಉತ್ಖನನದಲ್ಲಿ ಸಿಕ್ಕಿತು. ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಅವುಗಳ ಕೆಳಗಿನ ದುಂಡು ಪಟ್ಟಿಯಲ್ಲಿ ಆನೆ, ಎತ್ತು, ಕುದುರೆ ಮತ್ತು ಇನ್ನೊಂದು ಸಿಂಹ, ನಡುನಡುವೆ ಚಕ್ರಗಳು. ಅದಕ್ಕೂ ಕೆಳಗೆ ಗಂಟೆಯಂತೆ ಬಾಗಿದ ಕಮಲ. 1950ರ ಜನವರಿ 26ರಂದು ಭಾರತದ ರಾಷ್ಟ್ರಲಾಂಛನವಾದಾಗ ಕಮಲವನ್ನು ಬಿಟ್ಟರು. ಚಿತ್ರದಲ್ಲಿ ನಾಲ್ಕನೇ ಸಿಂಹ ಹಿಂದೆ ಇರುವುದರಿಂದ ಕಾಣುವುದಿಲ್ಲ.

ನಾನು ತಪ್ಪಿದ್ದು ಇಲ್ಲೇ. ಲಾಂಛನದ ಚಿತ್ರವನ್ನೇ ನೋಡಿ ಸಿಂಹಗಳೇ ತುದಿ ಅಂದುಕೊಂಡೆ. ಅಲ್ಲ. ಮೂಲದಲ್ಲಿ ಅವುಗಳ ತಲೆಯ ಮೇಲೆ ಒಂದು ದೊಡ್ಡ ಧರ್ಮಚಕ್ರ ಇತ್ತು. ಅದು ಒಡೆದುಹೋಗಿದೆ, ಚೂರುಗಳು ಮಾತ್ರ ಸಿಕ್ಕಿವೆ. ಈಗ ಉಪಾಯದ ಪ್ರಶ್ನೆ ಕೇಳಿ: ಸಿಂಹ ಎಲ್ಲಿದೆ? ಚಕ್ರದ ಕೆಳಗೆ. ಅವು ಚಕ್ರವನ್ನು ಹೊತ್ತಿವೆ.

ಎರಡನೆಯದು, ಬಾಯಿ ನೋಡಿ. ನಾಲ್ಕೂ ಬಾಯಿ ತೆರೆದಿವೆ. ಎದುರಿಗೆ ಬೇಟೆ ಇಲ್ಲ, ಪಂಜ ಎತ್ತಿಲ್ಲ. ಅಂದರೆ ಅವು ಕಚ್ಚುತ್ತಿಲ್ಲ, ಗರ್ಜಿಸುತ್ತಿವೆ.

ಮೂರನೆಯದು ಪಾಲಿ ಗ್ರಂಥ. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದ ಸೀಹ (ಸಿಂಹ) ಸುತ್ತದಲ್ಲಿ ಹೀಗೆ ಬರುತ್ತದೆ: ಸಂಜೆ ಸಿಂಹ ಗುಹೆಯಿಂದ ಹೊರಬಂದು ಮೈ ಮುರಿಯುತ್ತದೆ. ನಾಲ್ಕೂ ದಿಕ್ಕು ನೋಡುತ್ತದೆ. ಮೂರು ಸಲ ಗರ್ಜಿಸಿ ಹೊರಡುತ್ತದೆ. ಬಿಲದ ಪ್ರಾಣಿ ಬಿಲಕ್ಕೆ, ನೀರಿನದು ನೀರಿಗೆ, ಹಕ್ಕಿ ಆಕಾಶಕ್ಕೆ. ಗಟ್ಟಿ ಹಗ್ಗದಿಂದ ಕಟ್ಟಿದ ರಾಜನ ಆನೆಗಳೂ ಹಗ್ಗ ಹರಿದುಕೊಂಡು ಓಡುತ್ತವೆ. ಹಾಗೆಯೇ ಬುದ್ಧ "ಹುಟ್ಟಿದ್ದೆಲ್ಲ ಅಳಿಯುತ್ತದೆ" ಅಂತ ಹೇಳಿದಾಗ, ತಾವು ಶಾಶ್ವತ ಅಂದುಕೊಂಡಿದ್ದ ದೇವತೆಗಳೂ ನಡುಗುತ್ತಾರೆ.

ಈ ಹೋಲಿಕೆ ಸಿಂಹದಿಂದ ಪಂಜವನ್ನು ತೆಗೆದುಕೊಂಡಿಲ್ಲ, ಧ್ವನಿಯನ್ನು ತೆಗೆದುಕೊಂಡಿದೆ. ಸಿಂಹನಾದ ಅಂದರೆ ಅಂಜದೆ ಸತ್ಯ ಹೇಳುವುದು. ಬುದ್ಧ ಮೊದಲ ಉಪದೇಶ ಕೊಟ್ಟದ್ದು ಸಾರನಾಥದಲ್ಲೇ. ಅದನ್ನು ಧರ್ಮಚಕ್ರ ಪ್ರವರ್ತನೆ ಅನ್ನುತ್ತಾರೆ. ಆ ಮಾತು ನಾಲ್ಕು ದಿಕ್ಕಿಗೂ ಹೋಗಲಿ ಅಂತ ನಾಲ್ಕು ಬಾಯಿ, ಮೇಲೆ ಚಕ್ರ. ಅಶೋಕನಿಗೆ ಇದು ರಾಜಲಾಂಛನ ಅಲ್ಲವೇ ಅಂದರೆ ಅದೂ ಹೌದು. ಆದರೆ ಚಕ್ರ ಸಿಂಹದ ಮೇಲಿದೆ ಅನ್ನುವುದನ್ನು ಮರೆಯಬೇಡಿ.

ಬೈಬಲ್ಲಿನಲ್ಲಿ ಎರಡೂ ಕಡೆ

ಆದಿಕಾಂಡದ 49ನೇ ಅಧ್ಯಾಯದಲ್ಲಿ ಯಾಕೋಬ ತನ್ನ ಮಗ ಯೂದನನ್ನು ಸಿಂಹದ ಮರಿ ಅನ್ನುತ್ತಾನೆ. ಪೇತ್ರನ ಮೊದಲ ಪತ್ರದಲ್ಲಿ ಗರ್ಜಿಸುವ ಸಿಂಹ ಸೈತಾನ. ಎರಡೂ ಒಂದೇ ಬೈಬಲ್, ಗಾಬರಿ ಬೇಡ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 5ನೇ ಅಧ್ಯಾಯ ಮಾತ್ರ ತಪ್ಪದೆ ಓದಿ. "ಯೂದ ಕುಲದ ಸಿಂಹ ಗೆದ್ದಿದ್ದಾನೆ" ಅಂತ ಯೋಹಾನ ಕೇಳಿಸಿಕೊಳ್ಳುತ್ತಾನೆ. ತಿರುಗಿ ನೋಡಿದರೆ ಕಾಣುವುದು ಕುರಿಮರಿ! ಕಿವಿಗೆ ಸಿಂಹ, ಕಣ್ಣಿಗೆ ಕುರಿಮರಿ, ಎರಡೂ ಯೇಸುವೇ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ಬಿರುದಿನಲ್ಲಿ ಬರುವುದು ಇದೇ ಯೂದ ಕುಲದ ಸಿಂಹ. ವೆನಿಸ್ ನಗರದ ರೆಕ್ಕೆಯ ಸಿಂಹ ಬೇರೆ, ಅದು ಸಂತ ಮಾರ್ಕನ ಗುರುತು.

ಹೆಸರಿನಲ್ಲಿ

ಪ್ರವಾದಿ ಮಹಮ್ಮದರ ಅಳಿಯ ಅಲಿ ಅವರಿಗೆ ಅಸದುಲ್ಲಾ, ಅಂದರೆ ದೇವರ ಸಿಂಹ ಅನ್ನುವ ಬಿರುದಿದೆ. ಹೈದರ್ ಅನ್ನುವ ಹೆಸರಿಗೂ ಸಿಂಹ ಅಂತಲೇ ಅರ್ಥ. ಇರಾನಿನ ಬಾವುಟದಲ್ಲಿ 1979ರ ಕ್ರಾಂತಿಯವರೆಗೆ ಸಿಂಹ, ಅದರ ಬೆನ್ನ ಹಿಂದೆ ಸೂರ್ಯ ಇತ್ತು. ಸಿಖ್ಖರಲ್ಲಿ 1699ರಲ್ಲಿ ಗುರು ಗೋವಿಂದ ಸಿಂಗ್ ಖಾಲ್ಸಾ ಅನ್ನುವ ದೀಕ್ಷಿತರ ಪಂಗಡ ಸ್ಥಾಪಿಸಿದಾಗ ಸಿಂಗ್, ಅಂದರೆ ಸಿಂಹ, ಅನ್ನುವುದು ದೀಕ್ಷೆ ಪಡೆದ ಎಲ್ಲ ಗಂಡಸರ ಹೆಸರಾಯಿತು. ನನಗೆ ಇದು ತುಂಬಾ ಹಿಡಿಸಿತು. ಅಲ್ಲಿಯವರೆಗೆ ರಾಜಮನೆತನಗಳು ಹೆಮ್ಮೆಯಿಂದ ಇಟ್ಟುಕೊಳ್ಳುತ್ತಿದ್ದ ಹೆಸರು ಯಾವ ಜಾತಿಯವನಿಗೂ ಸಿಕ್ಕಿತು.

ಸಿಂಹವೇ ಇಲ್ಲದ ನಾಡುಗಳಲ್ಲಿ

ಚೀನಾದ ಕಾಡುಗಳಲ್ಲಿ ಸಿಂಹ ಇರಲಿಲ್ಲ. ಆದರೂ ಅರಮನೆ, ಗುಡಿಗಳ ಬಾಗಿಲಲ್ಲಿ ಕಲ್ಲಿನ ಸಿಂಹಗಳ ಜೋಡಿ ಇದೆ. ಬೌದ್ಧ ಧರ್ಮದ ಜೊತೆ ಅವು ಅಲ್ಲಿ ಬೇರೂರಿದವು. ಶಿಲ್ಪಿಗಳು ಪ್ರಾಣಿಯನ್ನು ಕಣ್ಣಾರೆ ನೋಡದೆಯೇ ಕೆತ್ತಿದ್ದರಿಂದ ಕೇಸರ ಗುಂಗುರು ಗುಂಗುರಾಗಿ, ಮುಖ ಅರ್ಧ ನಾಯಿಯ ಹಾಗೆ ಕಾಣುತ್ತದೆ. ಗಂಡು ಯಾವುದು, ಹೆಣ್ಣು ಯಾವುದು ಅಂತ ಕೇಸರ ನೋಡಿ ಹೇಳಲು ಆಗುವುದಿಲ್ಲ, ಎರಡಕ್ಕೂ ಇದೆ. ಪಂಜದ ಕೆಳಗೆ ನೋಡಿ. ಚೆಂಡು ಇದ್ದರೆ ಗಂಡು, ಮರಿ ಇದ್ದರೆ ಹೆಣ್ಣು.