ಪಿಪಿಟಿ ನಮ್ಮ ಕ್ಲಾಸಿಗೆ ಬಂದದ್ದು ಹೇಗೆ?

ಪಾಠಕ್ಕೆ ಪಿಪಿಟಿ, ಅಂದ್ರೆ ಪವರ್‌ಪಾಯಿಂಟಿನಲ್ಲಿ ಮಾಡಿದ ಸ್ಲೈಡು ಒಳ್ಳೆಯದೋ, ಕರಿಹಲಗೆ ಒಳ್ಳೆಯದೋ ಅನ್ನೋ ತಕರಾರು ಇವತ್ತಿಗೂ ಇದೆ. 1987ರಲ್ಲಿ ಕೇಂದ್ರ ಸರ್ಕಾರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಶುರು ಮಾಡಿತು. ಪ್ರಾಥಮಿಕ ಶಾಲೆ ಅಂದ್ಮೇಲೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕರಿಹಲಗೆ, ಒಂದಿಷ್ಟು ಪಾಠೋಪಕರಣ ಇರಲಿ ಅನ್ನೋದು ಅದರ ಗುರಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಅನ್ನೋ ಸಣ್ಣ ಕಂಪನಿ ಪವರ್‌ಪಾಯಿಂಟ್ ಬಿಡುಗಡೆ ಮಾಡಿತು. ಕೆಲವೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ 1.4 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ಫೋರ್‌ಥಾಟ್‌ನ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಪವರ್‌ಪಾಯಿಂಟ್ ಮಾಡಿದ್ದು ಮೇಷ್ಟ್ರುಗಳಿಗಾಗಿ ಅಲ್ಲ, ಕಂಪನಿ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುವವರಿಗಾಗಿ. ಮೊದಲ ಆವೃತ್ತಿಯಲ್ಲಿ ಬಣ್ಣವೂ ಇರಲಿಲ್ಲ. ಪುಟ ತಯಾರಿಸಿ, ಓಎಚ್‌ಪಿಯ (ಓವರ್‌ಹೆಡ್ ಪ್ರೊಜೆಕ್ಟರ್) ಪಾರದರ್ಶಕ ಶೀಟಿಗೆ ಪ್ರಿಂಟ್ ಹಾಕಿ ತೋರಿಸಬೇಕಿತ್ತು. ವಿಂಡೋಸ್‌ಗೆ ಬಂದದ್ದು 1990ರಲ್ಲಿ. ಕಂಪ್ಯೂಟರಿನಿಂದ ನೇರ ಪ್ರೊಜೆಕ್ಟರಿಗೆ ಕಳಿಸುವ ಸೌಲಭ್ಯ 1992ರಲ್ಲಿ.

ಮೀಟಿಂಗಿಗೆ ನಾಲ್ಕು ಪಾಯಿಂಟ್ ಸಾಕು. ಪ್ರಮೇಯ ಸಾಧಿಸೋಕೆ ಸಾಕಾಗಲ್ಲ, ಅಲ್ವಾ? ನನ್ನ ಪ್ರಕಾರ ಇವತ್ತಿನ ತಕರಾರೆಲ್ಲ ಇಲ್ಲಿಂದಲೇ ಶುರು.

ನಮ್ಮ ಕಡೆ ಇದಕ್ಕೆ ದಾರಿ ಮಾಡಿಕೊಟ್ಟದ್ದು ಎಂಜಿನಿಯರಿಂಗ್ ಕಾಲೇಜುಗಳು. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಂತು. ಕಾಲೇಜು ಬೇರೆ ಬೇರೆ, ಸಿಲಬಸ್ ಒಂದೇ. ಹಾಗಾಗಿ ಬಾಗಲಕೋಟೆಯಲ್ಲಿ ಮಾಡಿದ ಸ್ಲೈಡು ವಿಜಯಪುರದಲ್ಲೂ ನಡೆಯುತ್ತೆ. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ವಿಟಿಯು ಪಾಠಗಳು ಉಪಗ್ರಹದ ಮೂಲಕವೂ ಬರತೊಡಗಿದವು. ಸರ್ಕಾರಿ ಹೈಸ್ಕೂಲುಗಳಿಗೆ ಮಾಹಿತಿ ಸಿಂಧುವಿನಂಥ ಯೋಜನೆಗಳಲ್ಲಿ ಕಂಪ್ಯೂಟರ್ ಬಂತು.

ಕನ್ನಡದಲ್ಲಿ ಪಾಠ ಮಾಡುವವರ ಪಾಡು ಬೇರೆ. ಮನೆಯಲ್ಲಿ ನುಡಿ ಇಲ್ಲವೇ ಬರಹ ಫಾಂಟಿನಲ್ಲಿ ರಾತ್ರಿಯೆಲ್ಲ ಕೂತು ಟೈಪ್ ಮಾಡಿ, ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಹೋಗಿ, ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕಿ, ಗೆರೆ! ಆ ಫಾಂಟ್ ಅಲ್ಲಿ ಹಾಕಿರದಿದ್ದರೆ ಹೀಗೇ ಆಗುತ್ತಿತ್ತು. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆ ಜಾಸ್ತಿ ಆದ ಮೇಲೆ ಈ ಕಾಟ ಇಳಿಯಿತು.

ಆಮೇಲೆ ನ್ಯಾಕ್, ಅಂದ್ರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ. ಕಾಲೇಜಿಗೆ ಗ್ರೇಡ್ ಕೊಡುವಾಗ ಶಿಕ್ಷಕರು ಐಸಿಟಿ (ಕಂಪ್ಯೂಟರ್, ಪ್ರೊಜೆಕ್ಟರಿನಂಥ ತಂತ್ರಜ್ಞಾನ) ಬಳಸುತ್ತಾರಾ ಅಂತಲೂ ನೋಡುತ್ತಾರೆ. ಬೋರ್ಡ್ ಮೇಲೆ ಬರೆದದ್ದು ಗಂಟೆ ಹೊಡೆದ ಮೇಲೆ ಅಳಿಸಿಹೋಗುತ್ತೆ. ಪಿಪಿಟಿ ಫೈಲಾಗಿ ಉಳಿಯುತ್ತೆ, ಸಾಕ್ಷಿ ಅಂತ ತೋರಿಸಬಹುದು. ಪಿಪಿಟಿ ಇಷ್ಟು ಬೆಳೆಯೋಕೆ ಇದೂ ಒಂದು ಕಾರಣ ಅನ್ನೋದು ನನ್ನ ಗುಮಾನಿ. ಕೊರೋನಾ ಕಾಲದಲ್ಲಂತೂ ಅದೇ ಫೈಲು ವಾಟ್ಸಾಪಿನಲ್ಲಿ ಓಡಾಡಿತು.

ತಪ್ಪು ಸಾಫ್ಟ್‌ವೇರಿನದಷ್ಟೇ ಅಲ್ಲ. ಸರ್ ಪರದೆ ಕಡೆ ತಿರುಗಿ, ಅಲ್ಲಿದ್ದದ್ದನ್ನೇ ಓದುತ್ತಾರೆ. ಹುಡುಗರು ಮೊಬೈಲಿನಲ್ಲಿ ಫೋಟೋ ಹೊಡೆದು ಸುಮ್ನೆ ಕೂರುತ್ತಾರೆ. ರಿಚರ್ಡ್ ಮೇಯರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಇದರ ಮೇಲೆ ತುಂಬಾ ಪ್ರಯೋಗ ಮಾಡಿದ್ದಾರೆ. ಚಿತ್ರ ತೋರಿಸುತ್ತಾ ವಿವರಿಸಿದರೆ ಚೆನ್ನಾಗಿ ತಲೆಗೆ ಹೋಗುತ್ತೆ. ಆ ಮಾತನ್ನೇ ಅಕ್ಷರವಾಗಿಯೂ ಪರದೆ ಮೇಲೆ ಹಾಕಿದರೆ ಎಷ್ಟೋ ಸಲ ಕಲಿಕೆ ಕಡಿಮೆಯಾಗುತ್ತೆ. ಕಣ್ಣು ಚಿತ್ರ ನೋಡಬೇಕೋ, ಅಕ್ಷರ ಓದಬೇಕೋ? ಬೋರ್ಡಿನಲ್ಲಾದರೆ ಸರ್ ಕೈ ಓಡಿದಷ್ಟೇ ಪಾಠ ಓಡುತ್ತೆ, ಹುಡುಗರ ಕೈಯೂ ಜೊತೆಗೇ ಬರುತ್ತೆ.

ಪರದೆ, ಬೋರ್ಡ್ ಎರಡನ್ನೂ ಬಳಸುವ ಪಾಠಕ್ಕೆ ಗೋಲಗುಮ್ಮಟ ತಗೊಳ್ಳಿ. ಕೆಳಗೆ ಚೌಕ, ಮೇಲೆ ಸುಮಾರು 44 ಮೀಟರ್ ಅಗಲದ ದುಂಡು ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ಒಳಗಿನಿಂದ ತೆಗೆದ ಫೋಟೋ ಹಾಕಿ, ಒಂದನ್ನೊಂದು ಹಾಯುವ ಕಮಾನುಗಳನ್ನು ತೋರಿಸಿ. ಇದು ಬೋರ್ಡಿನಿಂದ ಆಗೋ ಕೆಲಸ ಅಲ್ಲ. ಆಮೇಲೆ ಕೀಬೋರ್ಡಿನ ‘ಬಿ’ ಒತ್ತಿ. ಸ್ಲೈಡ್ ಶೋ ನಡೆಯುವಾಗ ಅದನ್ನು ಒತ್ತಿದರೆ ಪರದೆ ಕಪ್ಪಾಗುತ್ತೆ, ಮತ್ತೆ ಒತ್ತಿದರೆ ಸ್ಲೈಡ್ ವಾಪಸ್. ಈಗ ಚಾಕ್‌ಪೀಸ್ ಹಿಡಿದು ಒಂದು ಚೌಕ ಬರೆಯಿರಿ, ಅದರ ಮೇಲೆ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ. ನಡುವೆ ಎಂಟು ಮೂಲೆಯ ಜಾಗ ತಾನಾಗಿ ಬರುತ್ತೆ, ಅದರೊಳಗೆ ವೃತ್ತ ಕೂರುತ್ತೆ. ಹುಡುಗರೂ ನೋಟ್‌ಬುಕ್ಕಿನಲ್ಲಿ ಬರೆಯಲಿ.

ತೊಂದರೆ ಏನು ಅಂದ್ರೆ, ಎಷ್ಟೋ ಕ್ಲಾಸುಗಳಲ್ಲಿ ಪರದೆಯನ್ನು ಬೋರ್ಡಿನ ಮೇಲೇ ನೇತುಹಾಕಿರುತ್ತಾರೆ. ಒಂದು ಬೇಕಂದ್ರೆ ಇನ್ನೊಂದು ಮುಚ್ಚುತ್ತೆ. ಹೊಸ ಪ್ರೊಜೆಕ್ಟರ್ ಹಾಕಿಸುವವರು ಎರಡು ಮೊಳೆ ಪಕ್ಕಕ್ಕೆ ಹೊಡೆಸಿದರೂ ಸಾಕು.